ನೆಲಮಾಳಿಗೆಯ ತಂಪು

ಬೆಂಕಿಯನ್ನು ಬೇಕೆಂದಾಗ ಹೊತ್ತಿಸುವ ವಿದ್ಯೆಯನ್ನು ಮನುಷ್ಯನು ಚರಿತ್ರೆಯ ಕಣ್ಣಿಗೆ ನಿಲುಕದಷ್ಟು ಹಿಂದೆಯೇ ಕಲಿತುಕೊಂಡನು. ತಂಪನ್ನು ಬೇಕೆಂದಾಗ ಬರಮಾಡಿಕೊಳ್ಳುವ ವಿದ್ಯೆಯಾದರೋ ಅವನ ಕೈಗೆ ದಕ್ಕಿ ಒಂದೂವರೆ ಶತಮಾನವಷ್ಟೇ ಆಗಿದೆ. ಅದಕ್ಕೆ ಮುಂಚೆ ಶೈತ್ಯವೆಂಬುದು ಋತುವಿನ ದಾನವಾಗಿತ್ತು. ಅದನ್ನು ಇಷ್ಟಬಂದಾಗ ಉಂಟುಮಾಡುವುದು ಸಾಧ್ಯವಿರಲಿಲ್ಲ, ಬಂದಾಗ ಹಿಡಿದು ಕೂಡಿಡುವುದು ಮಾತ್ರ ಸಾಧ್ಯವಿತ್ತು. ಮಾಗಿಯಲ್ಲಿ ಕೂಡಿಟ್ಟ ತಂಪನ್ನು ಬೇಸಗೆಯ ಕೊನೆಯವರೆಗೆ ಕಾಪಾಡಿಕೊಂಡು ಬರುವುದಕ್ಕಾಗಿ ಯೂರೋಪಿನ ನಡುಭಾಗದ ಒಂದು ಸೀಮೆಯ ಜನರು ಮುನ್ನೂರು ವರ್ಷಗಳಿಗೂ ಮೀರಿದ ಕಾಲ ಬಂಡೆಯನ್ನು ಕೊರೆದು, ಕೆರೆಯ ಮಂಜುಗಡ್ಡೆಯನ್ನು ಕಡಿದು, ನೆರಳಿಗೆ ಮರಗಳನ್ನು ನೆಟ್ಟು, ರಾಜಾಜ್ಞೆಗಳಿಗೆ ಒಳಪಟ್ಟು ದುಡಿದರು. ಇಂದು ಜಗತ್ತಿನಲ್ಲಿ ಮಾರಾಟವಾಗುವ ಬಿಯರಿನಲ್ಲಿ ಬಹುಪಾಲು ಯಾವ ಜಾತಿಗೆ ಸೇರಿದೆಯೋ ಆ ಜಾತಿಯೇ ಆ ದುಡಿಮೆಯ ಫಲ. ಆ ಸೀಮೆ ಬವೇರಿಯ ಮತ್ತು ಅದಕ್ಕೆ ಅಂಟಿಕೊಂಡ ಬೊಹೀಮಿಯ. ಆ ಬಿಯರು ಲಾಗರ್.

ಬಿಯರಿನ ತಯಾರಿಕೆಯಲ್ಲಿ ಮೊದಲ ಅರ್ಧವೆಲ್ಲ ಬೆಂಕಿಯ ಕೆಲಸ. ಬಾರ್ಲಿಯನ್ನು ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ ಮಾಲ್ಟ್ ಮಾಡುವುದು. ಅದನ್ನು ನುಚ್ಚಾಗಿ ಒಡೆದು ಬಿಸಿನೀರಿನಲ್ಲಿ ಕಲಸಿ, ಅದರ ಪಿಷ್ಟವು ಸಕ್ಕರೆಯಾಗುವವರೆಗೆ ಕಾಯುವುದು. ಸೋಸಿ ಬಂದ ಸಿಹಿರಸಕ್ಕೆ ಹಾಪ್ಸ್ ಹೂಗಳನ್ನು ಹಾಕಿ ಕೊಪ್ಪರಿಗೆಯಲ್ಲಿ ಕುದಿಸುವುದು: ಇಷ್ಟೂ ಒಲೆಯ ಮುಂದೆ ನಿಂತವನ ವಶದಲ್ಲಿರುವ ಸಂಗತಿ. ಆ ಕಷಾಯ ಆರಿ, ಅದಕ್ಕೆ ಯೀಸ್ಟ್ ಬೆರೆತ ಗಳಿಗೆಯಿಂದ ಕಣ್ಣಿಗೆ ಕಾಣದ ಜೀವಕಣಗಳು ಕರ್ತೃಗಳಾಗುತ್ತವೆ. ಮನುಷ್ಯನ ಪಾಲಿಗೆ ಉಳಿಯುವುದು ಅವುಗಳಿಗೆ ತಕ್ಕ ಉಷ್ಣತೆಯನ್ನು ಒದಗಿಸಿ ಕಾದಿರುವ ಕೆಲಸ. ಇಂಗ್ಲೆಂಡಿನ ಏಲ್‌ಗಳನ್ನು ಹುದುಗಿಸುವ ಯೀಸ್ಟ್ 15ರಿಂದ 22 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಚುರುಕಾಗಿ ನಡೆದು, ನೊರೆಯೊಡನೆ ಮೇಲಕ್ಕೇರಿ, ಕೆಲವೇ ದಿನಗಳಲ್ಲಿ ತನ್ನ ಕಾರ್ಯವನ್ನು ಮುಗಿಸುತ್ತದೆ. ಲಾಗರಿನ ಯೀಸ್ಟ್ ಆದರೋ 8ರಿಂದ 13 ಡಿಗ್ರಿಗಳ ಚಳಿಯಲ್ಲಿಯೂ ಎಚ್ಚರವಾಗಿದ್ದು, ಒಂದೆರಡು ವಾರಗಳ ಕಾಲ ನಿಧಾನವಾಗಿ ಸಕ್ಕರೆಯನ್ನು ಕರಗಿಸಿ, ಕೆಲಸ ತೀರಿದ ಮೇಲೆ ತೊಟ್ಟಿಯ ತಳಕ್ಕೆ ಇಳಿದು ಕೂಡುತ್ತದೆ. ಆಗ ಬಂದ ಬಿಯರು ಇನ್ನೂ ಎಳೆಯದು. ಗಂಧಕದ ನಾತ ಅದರಲ್ಲಿರುತ್ತದೆ; ಡೈಅಸಿಟೈಲ್ ಎಂಬ ಪದಾರ್ಥದಿಂದ ಹುಟ್ಟುವ ಬೆಣ್ಣೆಯಂಥ ಒಂದು ವಾಸನೆಯೂ ಇರುತ್ತದೆ; ನೋಟಕ್ಕೆ ಅದು ಬಗ್ಗಡ. ಹೆಪ್ಪುಗಟ್ಟುವ ಮಟ್ಟಕ್ಕೆ ತುಸು ಮೇಲಿನ ತಂಪಿನಲ್ಲಿ ವಾರಗಟ್ಟಲೆ, ಹಿಂದಿನ ಕಾಲದಲ್ಲಿ ತಿಂಗಳುಗಟ್ಟಲೆ, ಅದನ್ನು ಅಲುಗಿಸದೆ ಇಟ್ಟಾಗ ಉಳಿದ ಯೀಸ್ಟ್ ತಾನೇ ಹೊರಹಾಕಿದ ಕಲ್ಮಷಗಳಲ್ಲಿ ಹಲವನ್ನು ತಾನೇ ಹಿಂದಕ್ಕೆ ಹೀರಿಕೊಳ್ಳುತ್ತದೆ, ಗಂಧಕದ ಅಂಶ ಹುದುಗುವಾಗ ಹುಟ್ಟಿದ ಅನಿಲದೊಡನೆ ಹೊರಟುಹೋಗುತ್ತದೆ, ಬಗ್ಗಡ ತಳಕ್ಕಿಳಿಯುತ್ತದೆ, ಅನಿಲವು ದ್ರವದಲ್ಲಿ ನೆಲೆಯಾಗಿ ಕರಗುತ್ತದೆ. ಲಾಗರಿನ ತಿಳಿ ಮತ್ತು ಅದರ ನಿರ್ಮಲವಾದ ರುಚಿ ಈ ಕಾಯುವಿಕೆಯಿಂದ ಬಂದವು.

ಹದಿನಾರನೆಯ ಶತಮಾನದ ಬವೇರಿಯದಲ್ಲಿ ಈ ವಿವರಗಳಲ್ಲಿ ಒಂದೂ ಯಾರಿಗೂ ತಿಳಿದಿರಲಿಲ್ಲ. ಬಿಯರಿಗೆ ಬಾರ್ಲಿ, ಹಾಪ್ಸ್ ಮತ್ತು ನೀರು ಇವಿಷ್ಟರ ಹೊರತು ಬೇರೇನನ್ನೂ ಸೇರಿಸಕೂಡದೆಂದು 1516ರಲ್ಲಿ ಇಂಗೋಲ್‌ಷ್ಟಾಟ್ ನಗರದಲ್ಲಿ ಹೊರಟ ಪ್ರಸಿದ್ಧವಾದ ಶಾಸನದಲ್ಲಿ ಯೀಸ್ಟಿನ ಹೆಸರೇ ಇಲ್ಲ. ಆದರೆ ಅನುಭವವು ಒಂದು ಪಾಠವನ್ನು ಖಚಿತವಾಗಿ ಕಲಿಸಿತ್ತು: ಚಳಿಗಾಲದಲ್ಲಿ ಮಾಡಿದ ಬಿಯರು ನಿಲ್ಲುತ್ತದೆ, ಬೇಸಗೆಯಲ್ಲಿ ಮಾಡಿದ್ದು ಹುಳಿತು ಕೆಡುತ್ತದೆ. ಆದುದರಿಂದ 1553ರಲ್ಲಿ ಡ್ಯೂಕ್ ಐದನೆಯ ಆಲ್ಬ್ರೆಕ್ಟನು, ಏಪ್ರಿಲ್ 23ರ ಸಂತ ಜಾರ್ಜನ ಹಬ್ಬದಿಂದ ಸೆಪ್ಟೆಂಬರ್ 29ರ ಸಂತ ಮೈಕೇಲನ ಹಬ್ಬದವರೆಗೆ ತನ್ನ ರಾಜ್ಯದಲ್ಲಿ ಯಾರೂ ಬಿಯರು ಕಾಯಿಸಕೂಡದೆಂದು ವಿಧಿಸಿದನು. ಪ್ರಜೆಗಳಿಗೆ ಕೆಟ್ಟ ಪಾನೀಯ ಸಿಗದಿರಲೆಂಬ ಸರಳವಾದ ಉದ್ದೇಶದಿಂದ ಹೊರಟ ಈ ಆಜ್ಞೆ, ಅದನ್ನು ಬರೆದವರು ಊಹಿಸಲಾರದಿದ್ದ ಮತ್ತೊಂದು ಕಾರ್ಯವನ್ನೂ ಸಾಧಿಸಿತು. ಬೆಚ್ಚಗಿನ ಕಾಲದಲ್ಲಿ ಮಾತ್ರ ಬಲವಾಗಿ ದುಡಿಯಬಲ್ಲ ಯೀಸ್ಟಿಗೆ ಆ ನಾಡಿನ ಬಾರ್ಲಿಯ ತೊಟ್ಟಿಗಳಲ್ಲಿ ಅವಕಾಶ ಕುಗ್ಗಿತು. ಚಳಿಯನ್ನು ಸಹಿಸಿ ತಳಕ್ಕಿಳಿಯುವ ಯೀಸ್ಟ್ ತೊಟ್ಟಿಯಿಂದ ತೊಟ್ಟಿಗೆ, ವರ್ಷದಿಂದ ವರ್ಷಕ್ಕೆ ಹಬ್ಬಿತು. ಒಳ್ಳೆಯ ಭತ್ತದ ತಳಿಯನ್ನು ಆರಿಸಿ ಬೆಳೆಸುವ ರೈತನ ಕಾರ್ಯವನ್ನು ಇಲ್ಲಿ ಒಂದು ರಾಜಶಾಸನವು ತಾನರಿಯದೆಯೇ ಮಾಡಿತೆಂದು ಹೇಳಬಹುದು. ನೀತಿಶಾಸನಗಳ ಚರಿತ್ರೆಯಲ್ಲಿ ಇದಕ್ಕೆ ಹೋಲಿಕೆಯಾಗುವ ಉದಾಹರಣೆ ನನಗೆ ಬೇರೊಂದು ತೋರದು.

ಇಂದಿನ ಲಾಗರಿನ ಯೀಸ್ಟ್ ಎಲ್ಲಿಂದ ಬಂತೆಂಬ ಪ್ರಶ್ನೆಗೆ ನಮ್ಮ ಕಾಲದಲ್ಲಿಯೇ ಉತ್ತರ ದೊರೆಯತೊಡಗಿದೆ. ಅದು ಎರಡು ಜಾತಿಗಳ ಸಂಕರದಿಂದ ಹುಟ್ಟಿದ್ದು: ಒಂದು, ಏಲಿಗೂ ರೊಟ್ಟಿಗೂ ಪರಿಚಿತವಾದ ಸಾಧಾರಣ ಯೀಸ್ಟ್, ಇನ್ನೊಂದು, ಚಳಿಯನ್ನು ತಾಳುವ ಕಾಡುಜಾತಿ. ಆ ಕಾಡುಜಾತಿಯನ್ನು ಸಂಶೋಧಕರು ಯೂರೋಪಿನಲ್ಲಿ ಬಹುಕಾಲ ಹುಡುಕಿ ಕಾಣದೆ, 2011ರಲ್ಲಿ ದಕ್ಷಿಣ ಅಮೆರಿಕದ ಪ್ಯಾಟಗೋನಿಯದ ಬೀಚ್ ಮರಗಳಲ್ಲಿ ಗುರುತಿಸಿ ಅದಕ್ಕೆ ಸ್ಯಾಕರೋಮೈಸಿಸ್ ಯೂಬಯಾನಸ್ ಎಂದು ಹೆಸರಿಟ್ಟರು. ಆಮೇಲೆ ಟಿಬೆಟಿನಲ್ಲಿಯೂ, 2022ರಲ್ಲಿ ಪ್ರಕಟವಾದಂತೆ ಐರ್ಲೆಂಡಿನ ಡಬ್ಲಿನ್ ನಗರದ ವಿಶ್ವವಿದ್ಯಾಲಯವೊಂದರ ಆವರಣದ ಮಣ್ಣಿನಲ್ಲಿಯೂ ಅದು ಸಿಕ್ಕಿತು. ಸಂಕರವು ನಡೆದ ಸ್ಥಳವನ್ನು ಕುರಿತು 2023ರಲ್ಲಿ ಬಂದ ಒಂದು ಸಂಶೋಧನೆಯ ಊಹೆ ಕುತೂಹಲಕರವಾಗಿದೆ. ಬವೇರಿಯದಲ್ಲಿ ಗೋಧಿಯ ಬಿಯರು ಮಾಡುವ ವಿಶೇಷಾಧಿಕಾರ ಡೇಗೆನ್‌ಬೆರ್ಗ್ ಎಂಬ ಮನೆತನಕ್ಕಿತ್ತು. 1602ರಲ್ಲಿ ಆ ವಂಶ ನಿಸ್ಸಂತತಿಯಾದಾಗ ಡ್ಯೂಕ್ ಮಾಕ್ಸಿಮಿಲಿಯನ್ನನು ಆ ಹಕ್ಕನ್ನು ತನ್ನ ವಶಕ್ಕೆ ತೆಗೆದುಕೊಂಡು, ಷ್ವಾರ್‌ಟ್ಸಾಖ್ ಎಂಬ ಊರಿನಲ್ಲಿದ್ದ ಅವರ ಕಾರ್ಖಾನೆಯ ಯೀಸ್ಟನ್ನು ಮ್ಯೂನಿಕ್ಕಿನ ಆಸ್ಥಾನದ ಬಿಯರುಮನೆಗೆ ತರಿಸಿದನು. ತಂಪಿನಲ್ಲಿ ಕಂದುಬಣ್ಣದ ಬಿಯರನ್ನು ಹುದುಗಿಸುತ್ತಿದ್ದ ತೊಟ್ಟಿಗಳೂ ಹೊರಗಿಂದ ಬಂದ ಗೋಧಿಬಿಯರಿನ ತೊಟ್ಟಿಗಳೂ ಕೆಲವು ವರ್ಷ ಒಂದೇ ಸೂರಿನ ಕೆಳಗೆ ಇದ್ದಾಗ ಈ ಎರಡು ಜಾತಿಗಳು ಕೂಡಿರಬೇಕೆಂಬುದು ಆ ವಿದ್ವಾಂಸರ ಅಭಿಪ್ರಾಯ. ತಾಳೆಪತ್ರದ ಪಾಠಾಂತರಗಳನ್ನು ಹೋಲಿಸಿ ಮೂಲಪ್ರತಿಯ ವಂಶವೃಕ್ಷವನ್ನು ಕಟ್ಟುವ ಪಂಡಿತರ ಶ್ರದ್ಧೆ ಈ ಸಂಶೋಧನೆಯಲ್ಲಿ ಕಾಣುತ್ತದೆ. ದಫ್ತರಗಳ ಸಾಕ್ಷ್ಯವೂ ಜೀವಕಣಗಳ ಸಾಕ್ಷ್ಯವೂ ಅದರಲ್ಲಿ ಒಂದಕ್ಕೊಂದು ಆಧಾರವಾಗಿ ನಿಂತಿವೆ.

ಕಾಯಿಸುವುದು ಚಳಿಗಾಲಕ್ಕೆ ಸೀಮಿತವಾದರೂ ಕುಡಿಯುವುದು ವರ್ಷವಿಡೀ ನಡೆಯಬೇಕಷ್ಟೆ. ಆದುದರಿಂದ ಮಾರ್ಚಿ ತಿಂಗಳಲ್ಲಿ ಮಾಲ್ಟನ್ನೂ ಹಾಪ್ಸನ್ನೂ ಹೆಚ್ಚಾಗಿ ಹಾಕಿ ತುಸು ಗಡುಸಾದ ಬಿಯರು ಮಾಡಿ, ಅದು ಅಕ್ಟೋಬರಿನವರೆಗೆ ಕೆಡದಂತೆ ನೆಲಮಾಳಿಗೆಯಲ್ಲಿ ಇಡುವ ಪದ್ಧತಿ ಬೆಳೆಯಿತು. ಈ ನೆಲಮಾಳಿಗೆಗಳು ಸಾಮಾನ್ಯವಾದ ಉಗ್ರಾಣಗಳಲ್ಲ. ಬವೇರಿಯದ ಓಬರ್‌ಫಾಲ್ಟ್ಸ್ ಪ್ರಾಂತದ ಷ್ವಾನ್‌ಡೋರ್ಫ್ ಎಂಬ ಊರಿನ ಗುಡ್ಡದಡಿಯಲ್ಲಿ ಸುಮಾರು ಐನೂರು ವರ್ಷಗಳ ಹಿಂದಿನಿಂದ ಮರಳುಗಲ್ಲನ್ನು ಕೊರೆದು ಮಾಡಿದ ನೂರಮೂವತ್ತಕ್ಕೂ ಹೆಚ್ಚು ಗವಿಗಳು ಇಂದಿಗೂ ಇವೆ. ಬಿಯರನ್ನು ತಂಪಿನಲ್ಲಿ ಹುದುಗಿಸಿ ಇಡುವುದಕ್ಕೆಂದೇ ತೋಡಿದ ಆ ಗವಿಗಳಲ್ಲಿ, ಎರಡನೆಯ ಮಹಾಯುದ್ಧದ ಕೊನೆಗೆ ಊರಿನ ಮೇಲೆ ಬಾಂಬು ಬಿದ್ದಾಗ ಜನ ಪ್ರಾಣ ಉಳಿಸಿಕೊಂಡರು. ಮ್ಯೂನಿಕ್ಕಿನ ಸ್ಥಿತಿ ಬೇರೆ. ಅಲ್ಲಿ ನೆಲದಡಿಯ ನೀರು ಮೇಲೆಯೇ ಇರುವುದರಿಂದ ಊರೊಳಗೆ ಆಳವಾಗಿ ತೋಡುವಂತಿರಲಿಲ್ಲ; ಬಿಯರು ಮಾಡುವವರು ಊರ ಹೊರಗೆ ಈಸಾರ್ ನದಿಯ ಎತ್ತರದ ದಂಡೆಗಳಿಗೆ ಹೋಗಿ ಅಲ್ಲಿ ಮಾಳಿಗೆಗಳನ್ನು ಕಟ್ಟಿ, ಮೇಲುನೆಲಕ್ಕೆ ಜಲ್ಲಿ ಹರಡಿ, ಅದರ ಮೇಲೆ ಬಿಸಿಲು ಬೀಳದಿರಲೆಂದು ಅಗಲವಾದ ಎಲೆಯ, ಬೇರು ಆಳಕ್ಕಿಳಿಯದ ಚೆಸ್ಟ್‌ನಟ್ ಮರಗಳನ್ನು ಸಾಲಾಗಿ ನೆಟ್ಟರು. ಬೇಸಗೆಯ ಸಂಜೆ ಜನರು ಆ ನೆರಳಿಗೇ ಬಂದು, ಅಡಿಯಲ್ಲಿದ್ದ ಪೀಪಾಯಿಯಿಂದ ಆಗತಾನೆ ತೆಗೆದ ಬಿಯರನ್ನು ಕುಡಿಯತೊಡಗಿದರು. ಊರೊಳಗಿನ ಸತ್ರಗಳ ಯಜಮಾನರು ತಮ್ಮ ವ್ಯಾಪಾರ ಹಾಳಾಯಿತೆಂದು ಅರಸನಲ್ಲಿ ದೂರಲು, 1812ರ ಜನವರಿ 4ರಂದು ಮೊದಲನೆಯ ಮಾಕ್ಸಿಮಿಲಿಯನ್ ಯೋಸೆಫ್ ದೊರೆ ಒಂದು ಮಧ್ಯಮಾರ್ಗವನ್ನು ಕಂಡನು: ಮಾಳಿಗೆಯ ಬಳಿ ಬಿಯರನ್ನೂ ರೊಟ್ಟಿಯನ್ನೂ ಮಾರಬಹುದು, ಬೇರೆ ಅಡುಗೆಯನ್ನು ಮಾರಕೂಡದು. ಬವೇರಿಯದ ಬಿಯರುತೋಟಗಳಲ್ಲಿ ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಿ ತಿನ್ನುವ ಹಕ್ಕು ಇಂದಿಗೂ ಉಳಿದುಬಂದಿರುವುದು ಆ ತೀರ್ಮಾನದಿಂದ.

ಭೂಮಿಯ ತಂಪು ಎಷ್ಟೇ ಸ್ಥಿರವಾಗಿದ್ದರೂ ಎಂಟು ಹತ್ತು ಡಿಗ್ರಿಗಿಂತ ಕೆಳಗೆ ಇಳಿಯದು. ಅದಕ್ಕೂ ಕೆಳಗೆ ಇಳಿಸಬೇಕಾದರೆ ಮಂಜುಗಡ್ಡೆ ಬೇಕು. ಮಾಗಿಯಲ್ಲಿ ಕೆರೆಕುಂಟೆಗಳು ಗಟ್ಟಿಯಾದಾಗ ಗರಗಸ ಕೊಡಲಿಗಳೊಡನೆ ಆಳುಗಳು ಹೊರಟು, ಇಟ್ಟಿಗೆಯ ಗೋಡೆಯನ್ನು ಕಟ್ಟುವವರ ಜಾಗರೂಕತೆಯಿಂದ ಮಂಜಿನ ಹಾಸುಗಳನ್ನು ಕೊಯ್ದು, ಬಂಡಿಗಳಲ್ಲಿ ಹೇರಿ ತಂದು ಮಾಳಿಗೆಯ ಪಕ್ಕದ ಗೂಡುಗಳಲ್ಲಿ ಸಂದಿಲ್ಲದಂತೆ ಒಟ್ಟುತ್ತಿದ್ದರು. ಕೆರೆ ದೂರವಿದ್ದ ಊರುಗಳಲ್ಲಿ ಮರದ ತೊಲೆಗಳಿಂದ ಎತ್ತರದ ಚೌಕಟ್ಟುಗಳನ್ನು ನಿಲ್ಲಿಸಿ, ಕೊರೆಯುವ ರಾತ್ರಿಗಳಲ್ಲಿ ಅವುಗಳ ಮೇಲೆ ನೀರು ಸುರಿಸುತ್ತಿದ್ದರು. ಬೆಳಗಾಗುವುದರೊಳಗೆ ತೊಲೆ ತೊಲೆಗೂ ಆಳೆತ್ತರದ ಮಂಜಿನ ಕೋಲುಗಳು ಇಳಿಬಿದ್ದಿರುತ್ತಿದ್ದುವು. ಅವನ್ನು ಹೊಡೆದು ಉರುಳಿಸಿ ಮಾಳಿಗೆಗೆ ತುಂಬುತ್ತಿದ್ದರು. ಹುದುಗುತ್ತಿರುವ ತೊಟ್ಟಿಯ ಒಳಗಿನ ಉಷ್ಣತೆಯನ್ನು ಹತೋಟಿಯಲ್ಲಿಡುವುದಕ್ಕೆ ಇನ್ನೊಂದು ಉಪಾಯವಿತ್ತು. ಸಕ್ಕರೆಯನ್ನು ತಿನ್ನುವ ಯೀಸ್ಟ್ ತಾನೇ ಶಾಖವನ್ನು ಹುಟ್ಟಿಸುತ್ತದೆ. ಸುತ್ತಲಿನ ಗಾಳಿ ಎಷ್ಟೇ ತಂಪಾಗಿರಲಿ, ತೊಟ್ಟಿಯ ನಡುವೆ ಬಿಯರು ಬಿಸಿಯೇರುತ್ತದೆ. ಆಗ ತಗಡಿನ ಪಾತ್ರೆಯೊಂದಕ್ಕೆ ಮಂಜುಗಡ್ಡೆ ತುಂಬಿ ಅದನ್ನು ತೊಟ್ಟಿಯ ನೊರೆಯ ನಡುವೆ ತೇಲಬಿಡುತ್ತಿದ್ದರು. ಎರಡು ಮೂರು ದಿನ ನೊರೆಯು ಹೂಕೋಸಿನಂತೆ ಬಿಳಿಯದಾಗಿ ಉಬ್ಬಿ, ಆಮೇಲೆ ಹಾಪ್ಸಿನ ರಾಳದಿಂದ ಕಂದುಬಣ್ಣಕ್ಕೆ ತಿರುಗಿ ಕುಸಿಯುವುದನ್ನು ನೋಡಿಯೇ ಅನುಭವಸ್ಥರು ಒಳಗಿನ ಹದವನ್ನು ತಿಳಿಯುತ್ತಿದ್ದರು. ಆ ಕಹಿಯಾದ ಕಂದು ಪದರವನ್ನು ಜಾಲರಿಯಿಂದ ತೆಗೆದುಹಾಕಿ, ತಳದ ಯೀಸ್ಟಿನ ಪದರಗಳಲ್ಲಿ ನಡುವಿನದನ್ನು ಮಾತ್ರ ಮುಂದಿನ ಹುದುಗಿಗೆ ತೆಗೆದಿಡುತ್ತಿದ್ದರು.

ಕೈಯಂದಾಜಿನ ಈ ವಿದ್ಯೆಗೆ ಅಳತೆಗೋಲು ಬಂದುದು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ. ಮ್ಯೂನಿಕ್ಕಿನ ಷ್ಪಾಟೆನ್ ಬಿಯರುಮನೆಯ ಗಾಬ್ರಿಯೆಲ್ ಜೆಡ್ಲ್‌ಮಾಯರ್ ಮತ್ತು ವಿಯೆನ್ನದ ಬಳಿಯ ಷ್ವೆಖಾಟಿನ ಆಂಟೋನ್ ಡ್ರೆಹರ್ ಎಂಬ ಇಬ್ಬರು ತರುಣರು 1833ರಲ್ಲಿ ಬ್ರಿಟನ್ನಿನ ದೊಡ್ಡ ಕಾರ್ಖಾನೆಗಳನ್ನು ಸುತ್ತಿದರು. ಅಲ್ಲಿ ಉಷ್ಣಮಾಪಕವೂ ರಸದ ಸಾಂದ್ರತೆಯನ್ನು ಅಳೆಯುವ ಉಪಕರಣವೂ ದಿನನಿತ್ಯದ ಬಳಕೆಯಲ್ಲಿದ್ದುವು; ಒಳಗೆ ಟೊಳ್ಳಾದ, ತುದಿಯಲ್ಲಿ ಕವಾಟವಿಟ್ಟ ಊರುಗೋಲಿನಲ್ಲಿ ತೊಟ್ಟಿಯ ರಸವನ್ನು ಗುಟ್ಟಾಗಿ ತುಂಬಿಕೊಂಡು, ಬಿಡಾರಕ್ಕೆ ಬಂದು ಅಳೆದು ನೋಡುತ್ತಿದ್ದರೆಂದು ಅವರ ಪ್ರವಾಸದ ಕಥೆ ಹೇಳುತ್ತದೆ. ಕಳ್ಳತನವೆನ್ನಬಹುದಾದ ಈ ಕೃತ್ಯವನ್ನು ನಾನು ಸಮರ್ಥಿಸಲಾರೆ. ಆದರೆ ಅವರು ಇಂಗ್ಲೆಂಡಿನಿಂದ ತಂದುದು ಅಲ್ಲಿನ ಏಲನ್ನಲ್ಲ, ಅಳತೆಯ ಶಿಸ್ತನ್ನು ಎಂಬುದು ಗಮನಾರ್ಹ. ಆ ಶಿಸ್ತನ್ನು ತಮ್ಮ ನಾಡಿನ ತಂಪಿನ ಪದ್ಧತಿಗೆ ಹೊಂದಿಸಿ, 1841ರ ಸುಮಾರಿಗೆ ಇಬ್ಬರೂ ತಮ್ಮ ತಮ್ಮ ಊರುಗಳಲ್ಲಿ ಹೊಸ ಬಗೆಯ ಲಾಗರನ್ನು ಹೊರತಂದರು.

ಅದರ ಮರುವರ್ಷ ಪಿಲ್ಸೆನ್ನಿನ ಸರದಿ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಬೊಹೀಮಿಯದ ಎರಡನೆಯ ವೆನ್ಸೆಸ್ಲಾಸ್ ದೊರೆ ಆ ಊರನ್ನು ಸ್ಥಾಪಿಸಿದಾಗ ಸುಮಾರು 260 ಗೃಹಸ್ಥರಿಗೆ ಬಿಯರು ಕಾಯಿಸುವ ಹಕ್ಕನ್ನು ಕೊಟ್ಟಿದ್ದನು. ಹಕ್ಕು ಮನೆಗೆ ಅಂಟಿಕೊಂಡದ್ದು, ಮನೆಯೊಡನೆ ತಲೆಮಾರಿನಿಂದ ತಲೆಮಾರಿಗೆ ಇಳಿದದ್ದು. ಆ ಗೃಹಸ್ಥರ ಬಿಯರು ಕ್ರಮೇಣ ಹದಗೆಟ್ಟು, 1838ರಲ್ಲಿ 36 ಪೀಪಾಯಿಗಳ ಕೆಟ್ಟ ಸರಕನ್ನು ಪುರಭವನದ ಮುಂದೆ ಬಹಿರಂಗವಾಗಿ ಸುರಿಯಬೇಕಾಗಿ ಬಂದಿತು. ಹಕ್ಕುದಾರರೆಲ್ಲ ಸೇರಿ ಒಂದೇ ದೊಡ್ಡ ಬಿಯರುಮನೆಯನ್ನು ಕಟ್ಟಿಸಿ, ಬವೇರಿಯದ ತಂಪಿನ ಪದ್ಧತಿಯನ್ನು ಬಲ್ಲ ಯೋಸೆಫ್ ಗ್ರೋಲ್ ಎಂಬವನನ್ನು ಕರೆಸಿದರು. ಅಲ್ಲಿನ ಮೃದುವಾದ ನೀರು, ತಿಳಿಬಣ್ಣದ ಮಾಲ್ಟ್, ಜಾಟೆಟ್ಸ್ ಸೀಮೆಯ ಹಾಪ್ಸ್, ಮರಳುಗಲ್ಲಿನ ಮಾಳಿಗೆಗಳು: ಇವೆಲ್ಲ ಒಂದು ಕೈಗೆ ಸೇರಿದಾಗ, 1842ರ ಅಕ್ಟೋಬರ್ 5ರಂದು ಕಾಯಿಸಿದ ರಸದಿಂದ ಹೊನ್ನಿನ ಬಣ್ಣದ ಬಿಯರು ಹುಟ್ಟಿತು. ಪಿಲ್ಸ್ನರ್ ಎಂದು ಲೋಕಪ್ರಸಿದ್ಧವಾದುದು ಅದೇ. ಆ ಕಾರ್ಖಾನೆಯ ಅಡಿಯಲ್ಲಿ ಮಾಳಿಗೆಗಳ ಜಾಲ ಒಂಬತ್ತು ಕಿಲೋಮೀಟರುಗಳಷ್ಟು ಹಬ್ಬಿದೆ. 1990ರ ದಶಕದವರೆಗೂ ಅಲ್ಲಿನ ಬಿಯರು ರಾಳ ಬಳಿದ ಮರದ ಪೀಪಾಯಿಗಳಲ್ಲಿ ಆ ಕತ್ತಲೆಯಲ್ಲಿಯೇ ಮಾಗುತ್ತಿತ್ತು.

ಯೀಸ್ಟು ನಾಡಿನಿಂದ ನಾಡಿಗೆ ಸಾಗಿದುದೂ ತಂಪಿನ ಆಶ್ರಯದಲ್ಲಿಯೇ. 1845ರಲ್ಲಿ ಡೆನ್ಮಾರ್ಕಿನ ಜೆ. ಸಿ. ಯಾಕೊಬ್ಸೆನ್ ಜೆಡ್ಲ್‌ಮಾಯರನಿಂದ ಯೀಸ್ಟನ್ನು ಕೇಳಿ ಪಡೆದು, ತಗಡಿನ ಡಬ್ಬಿಗಳಲ್ಲಿ ತುಂಬಿಕೊಂಡು, ಮ್ಯೂನಿಕ್ಕಿನಿಂದ ಕೋಪನ್‌ಹೇಗನ್ನಿಗೆ ಕುದುರೆಗಾಡಿಯಲ್ಲಿ ಹೊರಟು, ಗಾಡಿ ನಿಂತೆಡೆಯಲ್ಲೆಲ್ಲ ಡಬ್ಬಿಗಳ ಮೇಲೆ ತಣ್ಣೀರು ಸುರಿಯುತ್ತ ಅದರ ಪ್ರಾಣವನ್ನು ಉಳಿಸಿದನು. ನೆರೆಮನೆಯಿಂದ ಮೊಸರಿಗೆ ಹೆಪ್ಪು ತರುವ ನಮ್ಮ ಗೃಹಿಣಿಯರ ಕಾರ್ಯವೇ ಇದು, ದಾರಿಯೊಂದು ದೂರವಾದದ್ದು. ಎರಡು ವರ್ಷಗಳ ಮೇಲೆ ಅವನು ಸ್ಥಾಪಿಸಿದ ಕಾರ್ಲ್ಸ್‌ಬೆರ್ಗ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ, 1883ರಲ್ಲಿ ಎಮಿಲ್ ಕ್ರಿಸ್ಟಿಯನ್ ಹಾನ್ಸೆನ್ ಒಂದೇ ಒಂದು ಜೀವಕಣದಿಂದ ಯೀಸ್ಟಿನ ಶುದ್ಧ ಸಂತಾನವನ್ನು ಬೆಳೆಸಿ ತೋರಿಸಿದನು. ಯಾಕೊಬ್ಸೆನ್ ಆ ವಿದ್ಯೆಯನ್ನು ಗುಟ್ಟಾಗಿಡದೆ, ಶುದ್ಧ ಯೀಸ್ಟನ್ನು ಕೇಳಿದ ಪ್ರತಿಸ್ಪರ್ಧಿಗಳಿಗೂ ಕೊಟ್ಟನು. ವ್ಯಾಪಾರದ ಲೋಕದಲ್ಲಿ ಅಪೂರ್ವವಾದ ಆ ಔದಾರ್ಯವನ್ನು ನೆನೆಯದೆ ಈ ಚರಿತ್ರೆಯನ್ನು ಹೇಳುವುದು ನನಗೆ ಸರಿದೋರದು.

ಶುದ್ಧ ಯೀಸ್ಟಿನ ಸಿದ್ಧಿಗೆ ಹತ್ತು ವರ್ಷ ಮೊದಲೇ ತಂಪಿನ ಪ್ರಶ್ನೆಗೂ ಉತ್ತರ ಸಿದ್ಧವಾಗುತ್ತಿತ್ತು. ಮ್ಯೂನಿಕ್ಕಿನ ತಾಂತ್ರಿಕ ವಿದ್ಯಾಶಾಲೆಯಲ್ಲಿ ಅಧ್ಯಾಪಕನಾಗಿದ್ದ ಕಾರ್ಲ್ ಲಿಂಡೆ ಶೈತ್ಯೋತ್ಪಾದನೆಯ ತತ್ತ್ವವನ್ನು ಕುರಿತು ಬರೆದ ಲೇಖನ ಬಿಯರು ಕಾರ್ಖಾನೆಗಳವರ ಕಣ್ಣಿಗೆ ಬಿದ್ದಿತು. ಅವರ ಪ್ರೋತ್ಸಾಹದಿಂದ 1873ರಲ್ಲಿ ಅವನ ಮೊದಲ ಯಂತ್ರವನ್ನು ಷ್ಪಾಟೆನ್ ಬಿಯರುಮನೆಯಲ್ಲಿ ನಡೆಸಿ ನೋಡಲಾಯಿತು. ಈಥರಿನ ಬದಲು ಅಮೋನಿಯವನ್ನು ಬಳಸಿ ಸುಧಾರಿಸಿದ ಮುಂದಿನ ಯಂತ್ರಗಳಲ್ಲೊಂದು 1877ರಲ್ಲಿ ಡ್ರೆಹರ್ ಮನೆತನದ ಟ್ರಿಯೆಸ್ಟೆ ಕಾರ್ಖಾನೆಯನ್ನು ಸೇರಿತು. ಒತ್ತಡದಿಂದ ದ್ರವವಾದ ಅನಿಲವು ಮತ್ತೆ ಆವಿಯಾಗುವಾಗ ಸುತ್ತಲಿನ ಶಾಖವನ್ನು ಸೆಳೆದುಕೊಳ್ಳುತ್ತದೆಂಬ ಪ್ರಕೃತಿನಿಯಮವೊಂದು, ಕೆರೆಗೂ ಗರಗಸಕ್ಕೂ ಬಂಡಿಗೂ ಇದ್ದ ಪಾತ್ರವನ್ನು ಕ್ರಮೇಣ ಮುಗಿಸಿತು. ಇಂದು ಮನೆಮನೆಯಲ್ಲಿ ಹಾಲು ತರಕಾರಿಗಳನ್ನು ಕಾಯುವ ಫ್ರಿಜ್ಜಿನ ಪೂರ್ವಜರಲ್ಲಿ ಬವೇರಿಯದ ಬಿಯರುಮನೆಗಾಗಿ ಹುಟ್ಟಿದ ಈ ಯಂತ್ರವೂ ಒಂದು.

ನಮ್ಮ ದೇಶಕ್ಕೆ ಈ ಚರಿತ್ರೆಯ ಸೋಂಕು ತಗುಲಿದುದು ಎರಡು ದಾರಿಗಳಿಂದ. 1833ರಲ್ಲಿ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ಅಮೆರಿಕದ ಕೆರೆಗಳ ಮಂಜುಗಡ್ಡೆಯನ್ನು ಹಡಗಿನಲ್ಲಿ ತುಂಬಿ ನಾಲ್ಕು ತಿಂಗಳ ಯಾನದಲ್ಲಿ ಕಲ್ಕತ್ತೆಗೆ ಕಳುಹಿಸಿದನು. ಮದರಾಸಿನ ಕಡಲತೀರದಲ್ಲಿ ಅದನ್ನು ಕೂಡಿಡಲು ಕಟ್ಟಿಸಿದ ಐಸ್ ಹೌಸ್ ಇಂದು ವಿವೇಕಾನಂದರ ಹೆಸರಿನಲ್ಲಿ ನಿಂತಿದೆ. ಆದರೆ ಆ ಮಂಜು ದೊರೆಗಳ ಬಟ್ಟಲನ್ನು ತಂಪುಮಾಡಿತೇ ಹೊರತು ಬಿಯರನ್ನು ಮಾಗಿಸಲಿಲ್ಲ. ಬಿಯರು ಕಾಯಿಸಬೇಕೆಂದ ಆಂಗ್ಲರು ತಂಪನ್ನರಸಿ ಬೆಟ್ಟಗಳನ್ನೇ ಹತ್ತಬೇಕಾಯಿತು. ಹಿಮಾಲಯದ ಕಸೌಲಿ, ದಕ್ಷಿಣದಲ್ಲಿ ನೀಲಗಿರಿ ಇವು ಅದಕ್ಕೆ ದೊರೆತ ತಾಣಗಳು. 1857ರಷ್ಟು ಹಿಂದಿನ ಕ್ಯಾಸಲ್ ಬ್ರೂವರಿಯೇ ಮೊದಲಾಗಿ ದಕ್ಷಿಣದ ಐದು ಸಣ್ಣ ಕಾರ್ಖಾನೆಗಳನ್ನು ಒಂದುಗೂಡಿಸಿ 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬವನು ಯುನೈಟೆಡ್ ಬ್ರೂವರೀಸನ್ನು ಸ್ಥಾಪಿಸಿದನು. ಬೆಂಗಳೂರಿನ ಹೆಸರಿನೊಡನೆ ಜೋಡಿಸಿಹೋಗಿರುವ ಕಿಂಗ್‌ಫಿಷರ್ ಆ ಸಂಸ್ಥೆಯದು, ಜಾತಿಯಲ್ಲಿ ಲಾಗರ್. ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನ ಹವೆ ಎಷ್ಟೇ ಹಿತವಾಗಿದ್ದರೂ ಲಾಗರಿಗೆ ಸಾಲದು. ಲಿಂಡೆಯ ಪರಂಪರೆಯ ಯಂತ್ರಗಳಿಲ್ಲದೆ ಅದು ಇಲ್ಲಿ ಹುಟ್ಟುವಂತಿರಲಿಲ್ಲ.

ಯಂತ್ರ ಬಂದ ಮೇಲೆ ಕಾರ್ಖಾನೆಗಳು ಬೆಳೆದುವು, ಮನೆಯ ಬಿಯರು ಬಹಳ ಕಡೆ ಕಣ್ಮರೆಯಾಯಿತು. ಅದು ಕಣ್ಮರೆಯಾಗದೆ ಉಳಿದ ಒಂದು ಮೂಲೆಯೆಂದರೆ, ಚೆಕ್ ಗಡಿಗೆ ಹೊಂದಿದ ಓಬರ್‌ಫಾಲ್ಟ್ಸ್ ಪ್ರಾಂತದ ಉತ್ತರಭಾಗ. ನಾನು ಈ ಪ್ರಬಂಧವನ್ನು ಬರೆಯಲು ಮುಖ್ಯ ಪ್ರೇರಣೆ ಆ ಮೂಲೆಯ ಐದು ಊರುಗಳು: ವಿಂಡಿಷ್ ಎಷೆನ್‌ಬಾಖ್, ನೊಯ್‌ಹೌಸ್, ಫಾಲ್ಕೆನ್‌ಬೆರ್ಗ್, ಮಿಟ್ಟರ್‌ಟೈಖ್, ಎಸ್ಲಾರ್ನ್. ಇಲ್ಲಿ ಬಿಯರು ಕಾಯಿಸುವ ಹಕ್ಕು ಇಂದಿಗೂ ನಿರ್ದಿಷ್ಟವಾದ ಮನೆಗಳಿಗೆ ಸೇರಿದ್ದು. ನೊಯ್‌ಹೌಸಿಗೆ ಅದು 1415ರಲ್ಲಿ ದೊರೆತದ್ದು. ಊರಿಗೆಲ್ಲ ಒಂದೇ ಬಿಯರುಮನೆ. ಹಕ್ಕುಳ್ಳ ಗೃಹಸ್ಥನು ತನ್ನ ಸರದಿ ಬಂದಾಗ ಮಾಲ್ಟ್ ಹಾಪ್ಸುಗಳೊಡನೆ ಅಲ್ಲಿಗೆ ಹೋಗಿ, ಕೊಪ್ಪರಿಗೆಯ ಬಾಡಿಗೆಯನ್ನು ಸಾಮೂಹಿಕ ನಿಧಿಗೆ ಕಟ್ಟಿ, ಬೆಳಗಿನಿಂದ ಸಂಜೆಯವರೆಗೆ ಕುದಿಸುತ್ತಾನೆ. ಕೆಲವು ಕಡೆ ಒಲೆಗೆ ಇಂದಿಗೂ ಸೌದೆಯೇ ಇಂಧನ. ಕುದಿದ ರಸವನ್ನು ಅಟ್ಟದ ಮೇಲಿರುವ ಅಗಲವಾದ, ಹೆಚ್ಚು ಆಳವಿಲ್ಲದ ಹರಿವಾಣದಂಥ ತೊಟ್ಟಿಗೆ ಏರಿಸಿ, ಕಿಂಡಿಗಳಿಂದ ಬೀಸುವ ರಾತ್ರಿಯ ಗಾಳಿಗೆ ಬಿಡುತ್ತಾರೆ. ಮರುದಿನ ಬೆಳಿಗ್ಗೆ ಆರಿದ ರಸವನ್ನು ಬಂಡಿಯ ಮೇಲಿನ ತೊಟ್ಟಿಗೆ ತುಂಬಿ, ಹಿಂದೆ ಎತ್ತು ಕುದುರೆಗಳಿಂದ, ಈಗ ಟ್ರಾಕ್ಟರಿನಿಂದ ಎಳೆಸಿಕೊಂಡು ಮನೆಗೆ ಒಯ್ಯುತ್ತಾರೆ. ಮನೆಯ ಅಡಿಯ ಮಾಳಿಗೆಯಲ್ಲಿ ತಂಪಿನ ಯೀಸ್ಟ್ ಬೆರೆಸುವುದು, ವಾರ ಹತ್ತು ದಿನ ತೆರೆದ ತೊಟ್ಟಿಯಲ್ಲಿ ಹುದುಗಿಸುವುದು, ಆಮೇಲೆ ವಾರಗಟ್ಟಲೆ ಮಾಗಲು ಬಿಡುವುದು, ಇದೆಲ್ಲ ಆಯಾ ಮನೆಯವರ ಹೊಣೆ.

ಇಲ್ಲಿಯೇ ನನಗೆ ಈ ಪದ್ಧತಿಯ ಅಂತಸ್ಸತ್ತ್ವ ಕಾಣುತ್ತದೆ. ಕೊಪ್ಪರಿಗೆ ಒಂದೇ, ಒಲೆ ಒಂದೇ, ನೀರು ಒಂದೇ. ಆದರೂ ಒಂದು ಮನೆಯ ಬಿಯರು ಇನ್ನೊಂದು ಮನೆಯದರಂತೆ ಇರುವುದಿಲ್ಲ. ಮಾಲ್ಟಿನ ಪ್ರಮಾಣದಲ್ಲಿ ಇರುವ ಸಣ್ಣ ವ್ಯತ್ಯಾಸ ಇದಕ್ಕೆ ಒಂದು ಕಾರಣವಾದರೆ, ಮಾಳಿಗೆಗಳ ಭೇದವೂ ಅಷ್ಟೇ ಬಲವಾದ ಕಾರಣ: ಒಂದರ ತಂಪು ಒಂದೆರಡು ಡಿಗ್ರಿ ಹೆಚ್ಚು, ಇನ್ನೊಂದರ ಯಜಮಾನನು ಎರಡು ವಾರ ಹೆಚ್ಚಾಗಿ ಕಾಯುವವನು. ಬಿಯರು ಹದಕ್ಕೆ ಬಂದಾಗ ಮನೆಯ ಮುಂದೆ ಆರು ಮೂಲೆಯ ನಕ್ಷತ್ರವೊಂದನ್ನು ಕೋಲಿಗೆ ಕಟ್ಟಿ ತೂಗುಹಾಕುತ್ತಾರೆ. ಅದನ್ನು ಕಂಡವರು ಮನೆಯ ನಡುಕೋಣೆಗೇ ಬಂದು ಕುಳಿತು ಕುಡಿದು, ಮನೆಯವರೇ ಮಾಡಿದ ಮಾಂಸದ ಅಡುಗೆಯನ್ನು ತಿಂದು ಹೋಗುತ್ತಾರೆ. ಮಾಡಿದ್ದು ತೀರಿದೊಡನೆ ಆ ಮನೆಯ ಸರದಿ ಮುಗಿದು ಇನ್ನೊಂದು ಮನೆಯದು ಮೊದಲಾಗುತ್ತದೆ. ತ್ಸೊಯ್ಗ್‌ಲ್ ಎಂದು ಕರೆಯಲ್ಪಡುವ ಈ ಆಚಾರವನ್ನು 2018ರಲ್ಲಿ ಜರ್ಮನಿಯು ತನ್ನ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು.

ಕಾರ್ಖಾನೆಯ ಯುಗದಲ್ಲಿ ಮನೆಯ ಬಿಯರು ಬೇರೆಡೆಗಳಲ್ಲಿ ಪುನಃ ತಲೆಯೆತ್ತಿದುದಕ್ಕೆ ಕಾನೂನಿನ ಸಡಿಲಿಕೆಯೂ ಮನೆಯ ಫ್ರಿಜ್ಜೂ ಕಾರಣ. ಮನೆಯಲ್ಲಿ ಬಿಯರು ಮಾಡಲು ಬೇಕಾಗಿದ್ದ ಪರವಾನಗಿಯನ್ನು ಬ್ರಿಟನ್ 1963ರಲ್ಲಿ ರದ್ದುಪಡಿಸಿತು. ಅಮೆರಿಕದಲ್ಲಿ 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿಮಾಡಿದ ಮಸೂದೆ, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್‌ಗಳವರೆಗೆ ತೆರಿಗೆಯಿಲ್ಲದೆ ಮಾಡಿಕೊಳ್ಳಲು ಅನುಮತಿ ಕೊಟ್ಟಿತು. ನಮ್ಮ ಕರ್ನಾಟಕದಲ್ಲಿ ಅಬಕಾರಿ ಕಾನೂನಿನ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದುದರಿಂದ ಮುಂದೆ ಹೇಳುವುದು ಹೊರದೇಶಗಳ ಮಾತು. ಅಲ್ಲಿನ ಹವ್ಯಾಸಿಗಳಲ್ಲಿ ಬಹುಮಂದಿ ಏಲಿನಿಂದ ಆರಂಭಿಸುತ್ತಾರೆ; ಲಾಗರಿಗೆ ಕೈಹಾಕುವವನು ಹಳೆಯ ಫ್ರಿಜ್ಜೊಂದನ್ನು ಅದಕ್ಕೆಂದೇ ಮೀಸಲಿಟ್ಟು, ಅದರ ವಿದ್ಯುತ್ತನ್ನು ಉಷ್ಣತೆಗೆ ತಕ್ಕಂತೆ ಕೂಡಿಸಿ ಬಿಡಿಸುವ ನಿಯಂತ್ರಕವನ್ನು ಜೋಡಿಸುತ್ತಾನೆ. ಆ ನಿಯಂತ್ರಕದ ಸೂಚಿಯನ್ನು ಪೆಟ್ಟಿಗೆಯ ಗಾಳಿಯಲ್ಲಿ ತೂಗಬಿಟ್ಟರೆ ಸಾಲದು; ಹುದುಗುವ ಬಿಯರು ಗಾಳಿಗಿಂತ ಕೆಲವು ಡಿಗ್ರಿ ಬಿಸಿಯಾಗಿರುವುದರಿಂದ, ಅದನ್ನು ಪಾತ್ರೆಯ ಮೈಗೇ ಒತ್ತಿ, ಮೇಲೆ ದಪ್ಪ ಬಟ್ಟೆ ಮುಚ್ಚಿ, ಪಟ್ಟಿಯಿಂದ ಬಿಗಿಯಬೇಕು. ಮಂಜು ತುಂಬಿದ ತಗಡಿನ ಪಾತ್ರೆಯನ್ನು ತೊಟ್ಟಿಯಲ್ಲಿ ತೇಲಿಸಿದವರು ಕಂಡುಕೊಂಡಿದ್ದ ಸತ್ಯವೇ ಇದು. ಹತ್ತು ಡಿಗ್ರಿಯ ಸುಮಾರಿನಲ್ಲಿ, ಏಲಿಗಿಂತ ಇಮ್ಮಡಿ ಯೀಸ್ಟ್ ಹಾಕಿ ಆರಂಭಿಸಿ, ಸಕ್ಕರೆಯ ಬಹುಭಾಗ ಕರಗಿದ ಮೇಲೆ ಒಂದೆರಡು ದಿನ 15ರಿಂದ 18 ಡಿಗ್ರಿಗೆ ಏರಗೊಡುತ್ತಾರೆ. ಬೆಣ್ಣೆಯ ವಾಸನೆ ಆಗ ಬೇಗ ಹೋಗುತ್ತದೆ. ಅನಂತರ ದಿನಕ್ಕೆ ಒಂದೆರಡು ಡಿಗ್ರಿಯಂತೆ ಇಳಿಸಿ, ಸೊನ್ನೆಗೆ ತುಸು ಮೇಲೆ ನಿಲ್ಲಿಸಿ, ನಾಲ್ಕಾರು ವಾರ ಮುಟ್ಟದೆ ಬಿಡುತ್ತಾರೆ. ಸೀಸೆಗೆ ತುಂಬಿದ ಮೇಲೂ ತಂಪೂ ಕತ್ತಲೆಯೂ ಅಗತ್ಯ. ಬೆಳಕು ತಗುಲಿದರೆ ಹಾಪ್ಸಿನ ಅಂಶ ಮಾರ್ಪಟ್ಟು ದುರ್ಗಂಧ ಹುಟ್ಟುತ್ತದೆ.

ಕಾರ್ಖಾನೆಗಳು ಇಂದು ಈ ಕಾಲಾವಧಿಯನ್ನು ಬಹುವಾಗಿ ಕುಗ್ಗಿಸಿವೆ. ತುಸು ಹೆಚ್ಚಿನ ಉಷ್ಣತೆಯಲ್ಲಿ ಬೇಗ ಹುದುಗಿಸಿ, ಯಂತ್ರದಲ್ಲಿ ಸೋಸಿ ತಿಳಿಮಾಡಿ, ಕೆಲವೇ ವಾರಗಳಲ್ಲಿ ಪೇಟೆಗೆ ಕಳುಹಿಸುವ ಕ್ರಮ ಬಳಕೆಗೆ ಬಂದಿದೆ. ಯಂತ್ರದಿಂದ ಬಂದ ತಂಪು ಕೆರೆಯ ಮಂಜಿನ ತಂಪಿಗಿಂತ ಕೀಳೆಂದು ನಾನು ಹೇಳಲಾರೆ. ಅದು ಅದಕ್ಕಿಂತ ಸ್ಥಿರ, ಅದಕ್ಕಿಂತ ಶುದ್ಧ, ಗಡ್ಡೆ ಕಡಿಯುವಾಗ ಚಳಿಯಲ್ಲಿ ಕೈಕಾಲು ಸೆಟೆದ ಆಳುಗಳ ಕಷ್ಟವನ್ನು ನೀಗಿದ್ದು ಸಣ್ಣ ಉಪಕಾರವಲ್ಲ. ಆದರೆ ಹಿಂದಿನವರು ತಂಪಿನೊಡನೆ ಕೂಡಿಸಿಯೇ ಎಣಿಸುತ್ತಿದ್ದ ಅವಧಿಯನ್ನು ಲೆಕ್ಕದ ಪುಸ್ತಕದಲ್ಲಿ ನಷ್ಟವೆಂದು ಬರೆದುಕೊಂಡದ್ದು ತಪ್ಪೆಂದೇ ನನ್ನ ನಿಶ್ಚಯವಾದ ಅಭಿಪ್ರಾಯ. ಓಬರ್‌ಫಾಲ್ಟ್ಸಿನ ಗೃಹಸ್ಥರೂ ಈಗ ಮಾಳಿಗೆಯಲ್ಲಿ ವಿದ್ಯುದ್ಯಂತ್ರವನ್ನು ಇಟ್ಟುಕೊಂಡಿದ್ದಾರೆ. ಅವಧಿಯನ್ನು ಮಾತ್ರ ಅವರು ಬಿಟ್ಟುಕೊಟ್ಟಿಲ್ಲ.

ಬವೇರಿಯವನ್ನು ನೋಡಹೋಗುವ ಕನ್ನಡಿಗರು ಈಗ ಕಡಮೆಯಲ್ಲ. ಅವರಲ್ಲಿ ಬಹುಮಂದಿ ಮ್ಯೂನಿಕ್ಕಿನ ಅಕ್ಟೋಬರ್ ಉತ್ಸವವನ್ನು ಕಂಡು ಹಿಂದಿರುಗುತ್ತಾರೆ. ಸಮಯವಿದ್ದವರು ರೇಗೆನ್ಸ್‌ಬುರ್ಗಿನಿಂದ ಹೋಫ್ ಕಡೆಗೆ ಹೋಗುವ ರೈಲನ್ನು ಹಿಡಿದು ವಿಂಡಿಷ್ ಎಷೆನ್‌ಬಾಖಿನಲ್ಲಿ ಇಳಿಯಲಿ. ಆ ವಾರ ಯಾವ ಮನೆಯ ಸರದಿಯೆಂಬುದನ್ನು ಮುಂಚಿತವಾಗಿ ವಿಚಾರಿಸಿಕೊಂಡು ಹೋಗಲಿ. ಕುಡಿಯದವರಾದರೆ ಬಿಯರುಮನೆಯ ಅಟ್ಟದ ಮೇಲಿನ ತೊಟ್ಟಿಯನ್ನೂ ಮನೆಯ ಮಾಳಿಗೆಯನ್ನೂ ನೋಡಲು ಅನುಮತಿ ಕೇಳಲಿ.